ಬಾದಾಮಿ ಗುಡ್ಡಗಳಲ್ಲಿ ಫೋಟೋ ತೆಗೆಯಲು ಹೊರಟವರಿಗೆ

ಬಾದಾಮಿ ಕಡೆ ಹೊರಟವರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ. ಯಾವ ಲೆನ್ಸ್ ತರಲಿ? ಮೊಬೈಲ್ ಸಾಕಾ? ಎಷ್ಟು ಗಂಟೆಗೆ ಬೆಳಕು ಚೆನ್ನಾಗಿರುತ್ತದೆ? ಗುಡಿ ಒಳಗೆ ಫೋಟೋ ತೆಗೆದರೆ ಬೈತಾರಾ? ಕೊನೆಯದನ್ನು ಕೇಳುವವರು ಕಡಿಮೆ. ಆದರೆ ಮೊದಲು ಕೇಳಬೇಕಾದ್ದು ಅದೇ.

ಬಾಗಲಕೋಟೆ ಜಿಲ್ಲೆಯ ಈ ಕೆಂಪು ಗುಡ್ಡಗಳಲ್ಲಿ ಶೈವರ ಗುಹೆ, ವೈಷ್ಣವರ ಗುಹೆ, ಜೈನ ಬಸದಿ, ಬೌದ್ಧ ಚೈತ್ಯ, ಆದಿಲ್‌ಶಾಹಿ ಕಾಲದ ಗುಮ್ಮಟ, ಲಿಂಗಾಯತ ಮಠ ಎಲ್ಲವೂ ಒತ್ತೊತ್ತಾಗಿವೆ. ಕೆಲವು ಕಡೆ ಪೂಜೆ ನಿಂತು ಎಷ್ಟೋ ಕಾಲವಾಗಿದೆ, ಟಿಕೆಟ್ ತಗೊಂಡು ಒಳಗೆ ಹೋಗುತ್ತೀರಿ. ಕೆಲವು ಕಡೆ ಇವತ್ತು ಬೆಳಿಗ್ಗೆಯೂ ದೀಪ ಹಚ್ಚಿದ್ದಾರೆ. ನೋಡಲು ಎರಡೂ ಒಂದೇ ಕಲ್ಲು. ಕ್ಯಾಮೆರಾ ಹಿಡಿಯುವ ರೀತಿ ಮಾತ್ರ ಬೇರೆ. ಇದು ಗೊತ್ತಿದ್ದರೆ ಅರ್ಧ ತೊಂದರೆ ಕಡಿಮೆಯಾಗುತ್ತದೆ. ಉಳಿದ ಅರ್ಧ ಬಿಸಿಲಿನದ್ದು.

ಏನೇನು ಬೇಕು

ಮೊಬೈಲ್ ಇದ್ದರೂ ಸಾಕು. ಈಗಿನ ಮೊಬೈಲ್‌ಗಳಲ್ಲಿರುವ ಅಗಲದ ಲೆನ್ಸ್ ಇಲ್ಲಿ ತುಂಬಾ ಉಪಯೋಗಕ್ಕೆ ಬರುತ್ತದೆ. ಗುಹೆಯ ವರಾಂಡದಲ್ಲಿ ಹಿಂದೆ ಸರಿಯಲು ಜಾಗ ಇರುವುದಿಲ್ಲ.

ಕ್ಯಾಮೆರಾ ಇದ್ದವರು ಒಂದು ಅಗಲದ ಲೆನ್ಸ್ (18 ಎಂಎಂ ಆಸುಪಾಸು), ಒಂದು ದೂರದ ಲೆನ್ಸ್ (200 ಎಂಎಂ ವರೆಗಿನದು) ತನ್ನಿ. ಮಧ್ಯದ್ದು ಇದ್ದರೆ ಇರಲಿ, ಇಲ್ಲದಿದ್ದರೂ ನಡೆಯುತ್ತದೆ. ದೂರದ ಲೆನ್ಸ್ ಯಾಕೆ ಅಂದರೆ, ಕೆರೆಯ ಈ ದಡದಿಂದ ಆ ದಡದ ಗುಡಿ, ಗುಡ್ಡದ ತುದಿಯ ಶಿವಾಲಯ, ಕಂಬದ ಮೇಲಿನ ಸಣ್ಣ ಕೆತ್ತನೆ, ಇವೆಲ್ಲ ಕೈಗೆ ಸಿಗುವ ದೂರದಲ್ಲಿಲ್ಲ.

ಪೋಲರೈಸರ್ ಎಂಬ ಫಿಲ್ಟರ್ ಇದ್ದರೆ ತನ್ನಿ. ಲೆನ್ಸಿನ ಮುಂದೆ ಹಾಕಿ ತಿರುಗಿಸುವ ಗಾಜು ಅದು. ನೀರಿನ ಹೊಳಪನ್ನು, ಕಲ್ಲಿನ ಮೇಲಿನ ಮಂಜು ಮಂಜಾದ ಬಿಳಿತನವನ್ನು ಕಡಿಮೆ ಮಾಡುತ್ತದೆ. ಆದರೆ ಕೆರೆಯಲ್ಲಿ ಪ್ರತಿಬಿಂಬ ಬೇಕಾದಾಗ ಅದನ್ನು ತೆಗೆದಿಡಿ. ಇಲ್ಲದಿದ್ದರೆ ಪ್ರತಿಬಿಂಬವೂ ಅದರ ಜೊತೆಗೇ ಹೋಗುತ್ತದೆ.

ತರಬಾರದ್ದು ಎರಡು. ಒಂದು ಡ್ರೋನ್, ಇನ್ನೊಂದು ಟ್ರೈಪಾಡ್, ಅಂದರೆ ಮೂರು ಕಾಲಿನ ಸ್ಟ್ಯಾಂಡ್. ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳಲ್ಲಿ ಇವೆರಡಕ್ಕೂ ಮೊದಲೇ ಅನುಮತಿ ಪಡೆದಿರಬೇಕು. ಬಾದಾಮಿ, ಐಹೊಳೆ, ಪಟ್ಟದಕಲ್ಲು ಇಲಾಖೆಯ ಧಾರವಾಡ ವೃತ್ತಕ್ಕೆ ಸೇರುತ್ತವೆ. ಮದುವೆ ಮುಂಚಿನ ಫೋಟೋಶೂಟ್‌ಗೂ ಇದೇ ಮಾತು. ಗೇಟಿನಲ್ಲಿ ನಿಂತು ವಾದ ಮಾಡಿದರೆ ಕಾವಲುಗಾರನಿಗೂ ಬೇಜಾರು, ನಿಮ್ಮ ಬೆಳಕೂ ಹೋಯಿತು.

ಉಳಿದಂತೆ: ನೀರು, ಟೋಪಿ, ಹಿಡಿತ ಇರುವ ಚಪ್ಪಲಿ ಅಥವಾ ಬೂಟು, ತಲೆ ಮುಚ್ಚಲು ಒಂದು ಟವಲ್ ಅಥವಾ ದುಪಟ್ಟಾ. ಬೂಟಿನ ದಾರ ಬೇಗ ಬಿಚ್ಚಲು ಬರುವಂತಿರಲಿ. ದಿನಕ್ಕೆ ಎಷ್ಟು ಸಲ ಬಿಚ್ಚುತ್ತೀರೋ ನಿಮಗೇ ಗೊತ್ತಾಗುತ್ತದೆ.

ಹಂತ 1: ದೀಪ ಉರಿಯುತ್ತಿದೆಯಾ ನೋಡಿ

ಊರಿಗೆ ಬರುವ ಮೊದಲೇ ನೀವು ನೋಡಬೇಕೆಂದಿರುವ ಜಾಗಗಳನ್ನು ಎರಡು ಪಟ್ಟಿ ಮಾಡಿ. ಪೂಜೆ ನಡೆಯುವವು, ನಡೆಯದವು.

ಬಾದಾಮಿಯ ನಾಲ್ಕು ಗುಹೆಗಳಲ್ಲಿ ಪೂಜೆ ಇಲ್ಲ. ಐಹೊಳೆಯ ದುರ್ಗಾ ಗುಡಿ, ಲಾಡಖಾನ್ ಗುಡಿ, ಮೇಗುತಿ ಜಿನಾಲಯ ಇವೂ ಹಾಗೇ. ಇಲ್ಲೆಲ್ಲ ನಿಯಮ ಸರಳ: ಫ್ಲ್ಯಾಶ್ ಹಾಕಬೇಡಿ, ಶಿಲ್ಪ ಮುಟ್ಟಬೇಡಿ, ಅದರ ಮೇಲೆ ಹತ್ತಬೇಡಿ.

ಮಹಾಕೂಟ, ಬನಶಂಕರಿ, ಪಟ್ಟದಕಲ್ಲಿನ ವಿರೂಪಾಕ್ಷ, ಇಲ್ಲೆಲ್ಲ ಪೂಜೆ ಇದೆ. ಪಟ್ಟದಕಲ್ಲು ಜನರಿಗೆ ಗೊಂದಲ ಮಾಡುತ್ತದೆ. 1987ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ, ಟಿಕೆಟ್ ಇದೆ, ಹುಲ್ಲುಹಾಸು ಇದೆ. ಹಾಗಾಗಿ ಇಡೀ ಆವರಣವೇ ಮ್ಯೂಸಿಯಂ ಅಂದುಕೊಂಡು ವಿರೂಪಾಕ್ಷನ ಗರ್ಭಗುಡಿಯವರೆಗೂ ಮೊಬೈಲ್ ಚಾಚಿಕೊಂಡು ಹೋಗುವವರಿದ್ದಾರೆ. ಅಲ್ಲಿ ಅರ್ಚಕರು ಕೂತಿರುತ್ತಾರೆ, ಹಳ್ಳಿಯವರು ಹಣ್ಣು ಕಾಯಿ ತಂದಿರುತ್ತಾರೆ. ಮಂಟಪದ ಕಂಬಗಳನ್ನು ತೆಗೆಯಿರಿ, ಗರ್ಭಗುಡಿ ಬಿಡಿ. ಕೇಳದೆ ತೆಗೆಯುವುದಂತೂ ಬೇಡವೇ ಬೇಡ.

ಬಾದಾಮಿ ಗುಹೆಗಳ ಬುಡದಲ್ಲೇ ಗುಮ್ಮಟವಿರುವ ಹಳೆಯ ಮಸೀದಿ ಇದೆ. ಮೆಟ್ಟಿಲು ಹತ್ತುವ ಅವಸರದಲ್ಲಿ ಬಹಳ ಜನ ಅದನ್ನು ನೋಡುವುದೇ ಇಲ್ಲ. ಹೊರಗಿನಿಂದ, ಮೇಲಿನಿಂದ ತೆಗೆಯಲು ಯಾರನ್ನೂ ಕೇಳಬೇಕಿಲ್ಲ. ಒಳಗೆ ಹೋಗಬೇಕೆಂದರೆ ಅಲ್ಲಿದ್ದವರನ್ನು ಕೇಳಿ. ದರ್ಗಾಗಳಲ್ಲಿ ಮುಜಾವರ, ಅಂದರೆ ಅಲ್ಲಿನ ಸೇವೆ ನೋಡಿಕೊಳ್ಳುವವರು ಇರುತ್ತಾರೆ. ತಲೆ ಮುಚ್ಚಿ, ಚಪ್ಪಲಿ ಹೊರಗೆ ಬಿಟ್ಟು, ನಮಾಜಿನ ಹೊತ್ತು ಮುಗಿಯುವವರೆಗೆ ಕಾಯಿರಿ.

ಪೂಜೆ ಇರುವ ಜೈನ ಬಸದಿಗಳಿಗೆ ಹೋದರೆ ತೊಗಲಿನ ಬೆಲ್ಟು, ಪರ್ಸು, ತೊಗಲಿನ ಕ್ಯಾಮೆರಾ ಪಟ್ಟಿ ಹೊರಗಿಡಿ. ಪಟ್ಟಿ ತೊಗಲಿನದ್ದು ಅನ್ನುವುದು ನಮಗೆ ನೆನಪೇ ಇರುವುದಿಲ್ಲ, ಬಟ್ಟೆಯದ್ದು ಹಾಕಿಕೊಂಡು ಹೋಗುವುದೇ ಒಳ್ಳೆಯದು. ದಿಗಂಬರ ಮುನಿಗಳು ಬಂದಿದ್ದರೆ, ಅದರಲ್ಲೂ ಅವರು ಆಹಾರ ಸ್ವೀಕರಿಸುವಾಗ, ಕ್ಯಾಮೆರಾ ಚೀಲದಲ್ಲೇ ಇರಲಿ.

ಹಂತ 2: ಗುಡ್ಡ ಯಾವ ಕಡೆ ಮುಖ ಮಾಡಿದೆ ಎಂದು ತಿಳಿಯಿರಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಬಾದಾಮಿಯಲ್ಲಿ ಫೋಟೋ ಕೆಡುವುದು ಬಹುತೇಕ ಇದೇ ಕಾರಣಕ್ಕೆ.

ನಡುವೆ ಅಗಸ್ತ್ಯ ತೀರ್ಥ ಎಂಬ ಕೆರೆ. ದಕ್ಷಿಣಕ್ಕೆ ಗುಹೆಗಳ ಗುಡ್ಡ. ಉತ್ತರಕ್ಕೆ ಕೋಟೆ ಮತ್ತು ಶಿವಾಲಯಗಳ ಗುಡ್ಡ. ಪೂರ್ವದ ತುದಿಯಲ್ಲಿ, ನೀರಿಗೆ ಕಾಲು ಚಾಚಿದಂತೆ ಭೂತನಾಥ ಗುಡಿ. ಪಶ್ಚಿಮಕ್ಕೆ ಊರು. ಈ ನಕ್ಷೆ ತಲೆಯಲ್ಲಿ ಕೂತರೆ ಮುಂದಿನದೆಲ್ಲ ಸುಲಭ.

ದಕ್ಷಿಣದ ಗುಡ್ಡದ ಬಂಡೆ ಉತ್ತರಕ್ಕೆ ಮುಖ ಮಾಡಿದೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಹಾಗಾಗಿ ಗುಹೆಗಳ ಬಂಡೆ ಹೆಚ್ಚು ಹೊತ್ತು ನೆರಳಲ್ಲೇ ಇರುತ್ತದೆ. ಡಿಸೆಂಬರ್‌ನಲ್ಲಿ ಬಂದು 'ಬಂಡೆ ಕೆಂಪಗೆ ಹೊಳೆಯಲೇ ಇಲ್ಲ' ಎಂದು ಬೇಸರ ಮಾಡಿಕೊಳ್ಳುವವರು ಇದನ್ನು ಗಮನಿಸಿರುವುದಿಲ್ಲ. ಆದರೆ ಇದರಿಂದ ಲಾಭವೂ ಇದೆ. ನೇರ ಬಿಸಿಲು ಬೀಳದ ಕಾರಣ ವರಾಂಡದ ಶಿಲ್ಪಗಳ ಮೇಲೆ ಮೆತ್ತಗಿನ ಬೆಳಕು ಬಹಳ ಹೊತ್ತು ಇರುತ್ತದೆ. ಹತ್ತು ಗಂಟೆಗೂ ತೆಗೆಯಬಹುದು, ಎರಡು ಗಂಟೆಗೂ ತೆಗೆಯಬಹುದು.

ಅದೇ ಚಳಿಗಾಲದಲ್ಲಿ ಎದುರಿನ ಉತ್ತರ ಗುಡ್ಡಕ್ಕೆ ಬಿಸಿಲು ಚೆನ್ನಾಗಿ ಬೀಳುತ್ತದೆ. ಗುಹೆಗಳ ಮುಂದಿನ ಕಟ್ಟೆಯ ಮೇಲೆ ನಿಂತು ಕೆರೆಯಾಚೆಗಿನ ಕೋಟೆಯನ್ನು ದೂರದ ಲೆನ್ಸ್‌ನಲ್ಲಿ ತೆಗೆಯಿರಿ. ಸಂಜೆ ನಾಲ್ಕರ ನಂತರ ಬಂಡೆಯ ಒಂದೊಂದು ಪದರವೂ ಕಾಣುತ್ತದೆ. ಈ ಗುಡ್ಡಗಳು ಮರಳುಗಲ್ಲಿನವು. ಮರಳು ಪದರ ಪದರವಾಗಿ ಕೂತು ಗಟ್ಟಿಯಾದ ಕಲ್ಲು ಅದು. ಓರೆ ಬಿಸಿಲು ಬಿದ್ದಾಗಲೇ ಆ ಗೆರೆಗಳು ಎದ್ದು ಬರುತ್ತವೆ.

ಭೂತನಾಥಕ್ಕೆ ಬೆಳಿಗ್ಗೆ ಓಡಬೇಡಿ. ಎಲ್ಲರೂ ಸೂರ್ಯೋದಯಕ್ಕೆ ಅಲ್ಲಿಗೆ ಹೋಗಬೇಕು ಅಂದುಕೊಳ್ಳುತ್ತಾರೆ. ಆ ಗುಡಿ ಪಶ್ಚಿಮಕ್ಕೆ, ಕೆರೆಯ ಕಡೆ ಮುಖ ಮಾಡಿದೆ, ಹಿಂದೆ ಗುಡ್ಡ. ಬೆಳಿಗ್ಗೆ ಅದು ಕಪ್ಪಗೆ, ಆಕಾಶ ಬೆಳ್ಳಗೆ. ಸಂಜೆ ಹೋಗಿ. ಮ್ಯೂಸಿಯಂ ಕಡೆಯ ಉತ್ತರ ದಡದ ದಾರಿಯಲ್ಲಿ ನಡೆಯುತ್ತಾ ಮಧ್ಯದಲ್ಲೆಲ್ಲೋ ನಿಂತರೆ ಗುಡಿ, ಅದರ ಹಿಂದಿನ ಬಂಡೆ, ನೀರಿನಲ್ಲಿ ಅವೆರಡೂ, ಎಲ್ಲ ಒಂದೇ ಚೌಕಟ್ಟಿಗೆ ಬರುತ್ತವೆ. ಗಾಳಿ ಇದ್ದರೆ ಪ್ರತಿಬಿಂಬ ಒಡೆಯುತ್ತದೆ, ತಣ್ಣಗೆ ಕಾಯಬೇಕು. ಡಿಸೆಂಬರ್ ಕೊನೆಯಲ್ಲಿ ಸಂಜೆ ಆರರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ, ಜೂನ್‌ನಲ್ಲಿ ಏಳರ ಆಸುಪಾಸು. ಅದಕ್ಕೆ ಒಂದು ತಾಸು ಮುಂಚೆ ಜಾಗದಲ್ಲಿರಿ. ಭೂತನಾಥದ ಹಿಂದೆ ಬಂಡೆಗಳ ನಡುವೆ ಅನಂತಶಯನ ವಿಷ್ಣುವಿನ ಕೆತ್ತನೆಯೂ ಇದೆ. ಮುಂದಿನ ಗುಡಿಯಷ್ಟೇ ತೆಗೆದು ಹಿಂದಿರುಗಬೇಡಿ.

ಬೆಳಿಗ್ಗೆ ಹಾಗಾದರೆ ಎಲ್ಲಿಗೆ? ಪಟ್ಟದಕಲ್ಲಿಗೆ. ಬಾದಾಮಿಯಿಂದ ಸುಮಾರು 22 ಕಿಲೋಮೀಟರ್. ಅಲ್ಲಿನ ವಿರೂಪಾಕ್ಷ, ಮಲ್ಲಿಕಾರ್ಜುನ ಗುಡಿಗಳು ಪೂರ್ವಕ್ಕೆ ಮುಖ ಮಾಡಿವೆ. ಗೇಟು ತೆಗೆದ ಕೂಡಲೇ ಒಳಗಿದ್ದರೆ ಬಿಸಿಲು ಮುಂಭಾಗದ ಮೇಲೆ ನೇರ ಇರುತ್ತದೆ. ಶಿಖರಗಳನ್ನು ಹೋಲಿಸಿ ತೆಗೆಯಲು ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಮೆಟ್ಟಿಲು ಮೆಟ್ಟಿಲಾಗಿ ಏರುವ ದ್ರಾವಿಡ ಶಿಖರ, ಬಾಗಿ ಮೇಲೆ ಹೋಗುವ ನಾಗರ ಶಿಖರ, ಎರಡೂ ಅಕ್ಕಪಕ್ಕದಲ್ಲೇ ಇವೆ. ಆವರಣದ ಹೊರಗೆ, ಸ್ವಲ್ಪ ದೂರದಲ್ಲಿ ರಾಷ್ಟ್ರಕೂಟರ ಕಾಲದ ಜೈನ ನಾರಾಯಣ ಗುಡಿ ಇದೆ. ಟೂರಿಸ್ಟ್ ಬಸ್ಸುಗಳು ಅಲ್ಲಿ ನಿಲ್ಲುವುದು ಕಡಿಮೆ. ಸಮಾಧಾನವಾಗಿ ತೆಗೆಯಬಹುದು.

ಐಹೊಳೆಯ ದುರ್ಗಾ ಗುಡಿಯ ಮುಖವೂ ಪೂರ್ವಕ್ಕೆ. ಆದರೆ ಅದರ ಚಂದ ಇರುವುದು ಹಿಂಭಾಗದ ದುಂಡನೆಯ ಆಕಾರದಲ್ಲಿ. ಅದಕ್ಕೆ ಗಜಪೃಷ್ಠ ಅನ್ನುತ್ತಾರೆ, ಆನೆಯ ಬೆನ್ನಿನ ಹಾಗೆ ಅಂತ. ಅದು ಪಶ್ಚಿಮದ ಕಡೆ ಇರುವುದರಿಂದ ಸಂಜೆ ಬಿಸಿಲು ಬೇಕು. ಹಾಗಾಗಿ ಬೆಳಿಗ್ಗೆ ಪಟ್ಟದಕಲ್ಲು, ಮಧ್ಯಾಹ್ನದಿಂದ ಐಹೊಳೆ. ಬೇರೆ ದಿನ ಬೆಳಿಗ್ಗೆಯಿಂದ ಗುಹೆಗಳು, ಸಂಜೆ ಭೂತನಾಥ. ಒಂದೇ ದಿನಕ್ಕೆ ಮೂರೂ ಊರು ಮುಗಿಸುತ್ತೇವೆ ಅನ್ನುವವರಿಗೆ ನಾನು ಹೇಳುವುದಿಷ್ಟೇ: ನೋಡಲು ಆಗುತ್ತದೆ, ತೆಗೆಯಲು ಆಗುವುದಿಲ್ಲ.

ಇನ್ನು ನಡು ಮಧ್ಯಾಹ್ನದ ಬಿಸಿಲು. ಅದನ್ನು ಎಲ್ಲರೂ ಬೈಯುತ್ತಾರೆ. ಆದರೆ ಮ್ಯೂಸಿಯಂ ಪಕ್ಕದಿಂದ ಉತ್ತರ ಕೋಟೆಗೆ ಹತ್ತುವ ದಾರಿಯಲ್ಲಿ ಬಂಡೆಗಳ ನಡುವೆ ಕಿರಿದಾದ ಸಂದಿಗಳಿವೆ. ಸೂರ್ಯ ನೆತ್ತಿಗೆ ಬಂದಾಗ ಬೆಳಕು ಒಂದು ಗೋಡೆಗೆ ಬಿದ್ದು ಇನ್ನೊಂದಕ್ಕೆ ಪುಟಿಯುತ್ತದೆ. ಕೆಂಪು ಕಲ್ಲಿಗೆ ಕೆಂಪು ಬೆಳಕು. ಬೆಳಿಗ್ಗೆ ಇದೇ ಸಂದಿ ಬರೀ ಕತ್ತಲು. ಆ ಹೊತ್ತಲ್ಲಿ ಬಯಲಿನಲ್ಲಿ ಹೆಚ್ಚೇನೂ ತೆಗೆಯಲು ಆಗದು, ಹಾಗಾಗಿ ಇಲ್ಲಿಗೆ ಬನ್ನಿ.

ಹಂತ 3: ಗುಹೆಯೊಳಗಿನ ಕತ್ತಲನ್ನು ನಿಭಾಯಿಸಿ

ಒಳಗೆ ಕತ್ತಲು, ಹೊರಗೆ ಕಣ್ಣು ಕುಕ್ಕುವ ಬೆಳಕು. ಮೊಬೈಲ್ ಆಗಲಿ ಕ್ಯಾಮೆರಾ ಆಗಲಿ ಎರಡನ್ನೂ ಒಟ್ಟಿಗೆ ಹಿಡಿಯಲು ಒದ್ದಾಡುತ್ತದೆ. ಏನು ಮಾಡಬೇಕು?

ಮೊಬೈಲ್‌ನಲ್ಲಿ ಪರದೆಯ ಮೇಲೆ ಶಿಲ್ಪದ ಜಾಗಕ್ಕೆ ಬೆರಳು ಒತ್ತಿ ಹಿಡಿಯಿರಿ. ಫೋಕಸ್ಸೂ ಬೆಳಕೂ ಅಲ್ಲಿಗೆ ಕಟ್ಟಿಕೊಳ್ಳುತ್ತದೆ. ಆಮೇಲೆ ಬೆರಳನ್ನು ಸ್ವಲ್ಪ ಕೆಳಗೆ ಎಳೆದು ಬೆಳಕು ತಗ್ಗಿಸಿ. ಕೆತ್ತನೆಯ ಆಳ ಕಾಣಲು ನೆರಳು ಬೇಕು. ಎಲ್ಲವೂ ಬೆಳ್ಳಗೆ ಕಂಡರೆ ಶಿಲ್ಪ ಚಪ್ಪಟೆಯಾಗುತ್ತದೆ. ಎಚ್‌ಡಿಆರ್ ಎಂಬ ಆಯ್ಕೆ, ಅಂದರೆ ಹೆಚ್ಚು ಕಡಿಮೆ ಬೆಳಕಿನ ಕೆಲವು ಚಿತ್ರಗಳನ್ನು ಫೋನೇ ಬೆರೆಸಿ ಒಂದು ಮಾಡುವುದು, ಕಂಬಗಳ ನಡುವಿನಿಂದ ಕೆರೆ ಕಾಣುವಂತೆ ತೆಗೆಯುವಾಗ ಉಪಯೋಗ. ಶಿಲ್ಪ ಮಾತ್ರ ತೆಗೆಯುವಾಗ ಅದು ಬೇಡ.

ಕ್ಯಾಮೆರಾದವರಿಗೆ: ಐಎಸ್‌ಒ 800ರಿಂದ 1600, ಅಪರ್ಚರ್ 4ರ ಆಸುಪಾಸು, ಶಟರ್ ಸೆಕೆಂಡಿನ 30ನೇ ಒಂದು ಭಾಗ, ಇಲ್ಲಿಂದ ಶುರು ಮಾಡಿ. ಐಎಸ್‌ಒ ಅಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಚುರುಕಾಗಿ ಸ್ಪಂದಿಸಬೇಕು ಅನ್ನುವ ಅಳತೆ. ಜಾಸ್ತಿ ಮಾಡಿದರೆ ಕತ್ತಲಲ್ಲೂ ಚಿತ್ರ ಬರುತ್ತದೆ, ಆದರೆ ಮರಳು ಚೆಲ್ಲಿದಂತೆ ಕಾಣುತ್ತದೆ. ಅಪರ್ಚರ್ ಅಂದರೆ ಲೆನ್ಸಿನೊಳಗಿನ ಕಿಂಡಿ. ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಶಟರ್ ಅಂದರೆ ಆ ಕಿಂಡಿಯಿಂದ ಎಷ್ಟು ಹೊತ್ತು ಬೆಳಕು ಬಿಡುತ್ತೀರಿ ಅನ್ನುವುದು. ಸ್ಟ್ಯಾಂಡ್ ಇಲ್ಲದಿರುವುದರಿಂದ ಉಸಿರು ಬಿಗಿಹಿಡಿದು, ಮೊಣಕೈಯನ್ನು ಪಕ್ಕೆಗೆ ಒತ್ತಿ, ನೆಲದ ಮೇಲೆ ಕೂತು ತೆಗೆಯಿರಿ. ಕಂಬಕ್ಕೆ ಒರಗುವ ಆಸೆ ಬರುತ್ತದೆ. ಒರಗಬೇಡಿ. ಲಕ್ಷಾಂತರ ಜನ ಒರಗಿದ ಕಂಬದ ಮೈ ಹೇಗೆ ಸವೆದು ನುಣ್ಣಗಾಗಿದೆ ಅಂತ ಅಲ್ಲೇ ಕಾಣುತ್ತದೆ.

ಚಿತ್ರವನ್ನು ರಾ ರೂಪದಲ್ಲಿ ಉಳಿಸಿ. ಕ್ಯಾಮೆರಾ ಕಂಡ ಮಾಹಿತಿಯನ್ನು ಒತ್ತಿ ಚಿಕ್ಕದು ಮಾಡದೆ ಇಟ್ಟುಕೊಳ್ಳುವ ಫೈಲ್ ಅದು. ಬಣ್ಣ ಆಮೇಲೆ ಸರಿ ಮಾಡಬಹುದು. ಈ ಕಲ್ಲಿನ ವಿಷಯದಲ್ಲಿ ಇದು ಮುಖ್ಯ, ಯಾಕೆಂದರೆ ಕ್ಯಾಮೆರಾವನ್ನು ಅದರ ಪಾಡಿಗೆ ಬಿಟ್ಟರೆ ಕೆಂಪು ಜಾಸ್ತಿ ಇದೆ ಅಂದುಕೊಂಡು ನೀಲಿ ಸುರಿದು ಕಲ್ಲನ್ನು ಸಪ್ಪೆ ಮಾಡುತ್ತದೆ. ವೈಟ್ ಬ್ಯಾಲೆನ್ಸ್ ಅನ್ನು, ಅಂದರೆ ಬಣ್ಣದ ಸಮತೋಲನವನ್ನು, ಹಗಲು ಬೆಳಕಿನ ಆಯ್ಕೆಗೆ ಇಟ್ಟುಬಿಡಿ. ಆಮೇಲೆ ಎಡಿಟ್ ಮಾಡುವಾಗ ಬಾದಾಮಿಯನ್ನು ಕಿತ್ತಳೆ ಹಣ್ಣು ಮಾಡಬೇಡಿ, ಅಷ್ಟೇ ನನ್ನ ಬೇಡಿಕೆ.

ಏನು ತೆಗೆಯಬೇಕು? ಒಂದನೇ ಗುಹೆಯ ಹೊರಗೆ, ಬಂಡೆಯ ಮೇಲೆ 18 ಕೈಗಳ ನಟರಾಜ. ಹೊರಗಿರುವುದರಿಂದ ಬೆಳಕಿನ ತೊಂದರೆ ಇಲ್ಲ, ಜನರ ತೊಂದರೆ ಮಾತ್ರ. ಡಿಸೆಂಬರ್, ಜನವರಿಯಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಬರುತ್ತವೆ, ಎಲ್ಲರ ಗುಂಪು ಫೋಟೋ ಆ ನಟರಾಜನ ಮುಂದೆಯೇ. ಮೊದಲು ಮೇಲಿನ ಗುಹೆಗಳಿಗೆ ಹೋಗಿ, ಇಳಿಯುವಾಗ ಇಲ್ಲಿ ನಿಲ್ಲಿ. ಮೂರನೇ ಗುಹೆ ಎಲ್ಲಕ್ಕಿಂತ ದೊಡ್ಡದು. ಅಲ್ಲಿನ ಶಾಸನ 578ರದ್ದು, ಚಾಲುಕ್ಯರ ಮಂಗಳೇಶ ಮಾಡಿಸಿದ ಕೆಲಸ. ವರಾಂಡದಲ್ಲಿ ಹಾವಿನ ಸುರುಳಿಯ ಮೇಲೆ ಕೂತ ವಿಷ್ಣು ಇದ್ದಾನೆ. ಮಲಗಿದ ವಿಷ್ಣುವನ್ನು ಎಲ್ಲೆಡೆ ನೋಡುತ್ತೇವೆ, ಹೀಗೆ ಕೂತವನು ಅಪರೂಪ. ನೇರ ಎದುರಿನಿಂದ ತೆಗೆಯುವ ಬದಲು ಸ್ವಲ್ಪ ಪಕ್ಕಕ್ಕೆ ಸರಿದು, ಬೆಳಕು ಬರುವ ಕಡೆಗೆ ಬೆನ್ನು ಪೂರ್ತಿ ತಿರುಗಿಸದೆ ತೆಗೆಯಿರಿ. ಕಂಬಗಳ ಮೇಲ್ತುದಿಯಲ್ಲಿ ದಂಪತಿಗಳ ಶಿಲ್ಪಗಳಿವೆ, ದೂರದ ಲೆನ್ಸ್ ಅಲ್ಲಿಗೆ. ನಾಲ್ಕನೆಯದು ಜೈನ ಗುಹೆ, ಚಿಕ್ಕದು. ಪಾರ್ಶ್ವನಾಥ, ಬಾಹುಬಲಿ ಅಲ್ಲಿದ್ದಾರೆ. ಅಗಲದ ಲೆನ್ಸ್ ಹಾಕಿ. ಎರಡು ಮತ್ತು ಮೂರನೇ ಗುಹೆಗಳ ನಡುವೆ ಕೆತ್ತದೆ ಬಿಟ್ಟ ಸಹಜ ಗವಿಯೊಂದಿದೆ. ಬೌದ್ಧರದು ಎನ್ನುವ ಕೆತ್ತನೆ ಅಲ್ಲಿದೆ. ಅಲ್ಲಿಗೆ ಬಗ್ಗಿ ಹೋಗಬೇಕು, ತಲೆ ಜೋಪಾನ.

ಹಂತ 4: ಶಾಸನ ತೆಗೆಯುವುದು

ಇದನ್ನು ಕೇಳುವವರು ಕಡಿಮೆ, ಆದರೆ ಕೇಳುವವರು ಬಿಡದೆ ಕೇಳುತ್ತಾರೆ. ಅಕ್ಷರ ಓದಲು ಬರುವಂತೆ ತೆಗೆಯುವುದು ಹೇಗೆ?

ಬೆಳಕು ಗೋಡೆಯನ್ನು ಸವರಿಕೊಂಡು ಹೋಗಬೇಕು. ಎದುರಿನಿಂದ ಬಿದ್ದರೆ ಅಕ್ಷರದ ಗುಳಿಯೂ ಕಲ್ಲೂ ಒಂದೇ ಬಣ್ಣ. ಐಹೊಳೆಯ ಮೇಗುತಿ ಗುಡ್ಡದ ಮೇಲಿನ ಜಿನಾಲಯದಲ್ಲಿ ರವಿಕೀರ್ತಿಯ ಶಾಸನ ಇದೆ, 634ರದ್ದು. ಇಮ್ಮಡಿ ಪುಲಕೇಶಿಯ ಗೆಲುವುಗಳನ್ನು ಹೇಳಿ, ಕೊನೆಗೆ ತನ್ನನ್ನು ಕಾಳಿದಾಸ ಭಾರವಿಯರ ಸಾಲಿಗೆ ಸೇರಿಸಿಕೊಂಡ ಕವಿ ಆತ. ಶಾಸನ ಪೂರ್ವದ ಗೋಡೆಯ ಮೇಲಿದೆ. ಬೆಳಗಿನ ಬಿಸಿಲು ಅದಕ್ಕೆ ನೇರ ಹೊಡೆಯುತ್ತದೆ, ಆಗ ಚಿತ್ರ ಚೆನ್ನಾಗಿ ಕಂಡರೂ ಅಕ್ಷರ ಕಾಣುವುದಿಲ್ಲ. ಸೂರ್ಯ ನೆತ್ತಿಯ ಹತ್ತಿರ ಬರುವ ಹೊತ್ತಿಗೆ, ಹನ್ನೊಂದರ ನಂತರ, ಬೆಳಕು ಮೇಲಿನಿಂದ ಗೋಡೆಗುಂಟ ಜಾರುತ್ತದೆ. ಆಗ ತೆಗೆಯಿರಿ. ಹತ್ತುವಾಗ ದಾರಿಯಲ್ಲಿ ಎರಡು ಅಂತಸ್ತಿನ ಬೌದ್ಧ ಗುಡಿ ಸಿಗುತ್ತದೆ. ಅದರ ಚಾವಣಿಯಲ್ಲಿ ಬುದ್ಧನ ಕೆತ್ತನೆ ಇದೆ, ತಲೆಯೆತ್ತಿ ನೋಡಿ.

ಬಾದಾಮಿಯ ತಟ್ಟುಕೋಟೆ ಹತ್ತಿರದ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ಕನ್ನಡ ತ್ರಿಪದಿಯ ಹಳೆಯ ರೂಪ ಅಲ್ಲಿದೆ, 'ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ' ಎಂಬ ಸಾಲು ಅಲ್ಲಿಯದೇ. ಕನ್ನಡ ಓದುವವರು ಇಲ್ಲಿವರೆಗೆ ಬಂದು ಅದನ್ನು ನೋಡದೆ ಹೋದರೆ ನನಗಂತೂ ಸಿಟ್ಟು ಬರುತ್ತದೆ.

ಎಚ್ಚರಿಕೆ: ಅಕ್ಷರ ಎದ್ದು ಕಾಣಲಿ ಅಂತ ನೀರು ಎರಚುವುದು, ಸೀಮೆಸುಣ್ಣ ತುಂಬುವುದು, ವಿಭೂತಿ ಹಚ್ಚುವುದು ಮಾಡಬೇಡಿ. ಮರಳುಗಲ್ಲು ನೀರು ಹೀರುತ್ತದೆ, ಪದರ ಸಡಿಲವಾಗುತ್ತದೆ. ರಕ್ಷಿತ ಸ್ಮಾರಕಕ್ಕೆ ಹಾನಿ ಮಾಡುವುದು 1958ರ ಕಾಯಿದೆಯ ಪ್ರಕಾರ ಶಿಕ್ಷೆಯಾಗುವ ಅಪರಾಧವೂ ಹೌದು. ಬೆಳಕು ಬರುವವರೆಗೆ ಕಾಯಲು ಪುರುಸೊತ್ತಿಲ್ಲದಿದ್ದರೆ ಗೆಳೆಯರೊಬ್ಬರು ಪಕ್ಕದಿಂದ ಮೊಬೈಲ್ ಟಾರ್ಚ್ ಹಿಡಿಯಲಿ, ಅದೂ ಕಾವಲುಗಾರರನ್ನು ಕೇಳಿ.

ಹಂತ 5: ಜನರನ್ನು ತೆಗೆಯುವ ಮೊದಲು

ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ಹೆಂಗಸರು ಬಟ್ಟೆ ಒಗೆಯುತ್ತಾರೆ. ಮಹಾಕೂಟದ ಪುಷ್ಕರಣಿಯಲ್ಲಿ ಜನ ಸ್ನಾನ ಮಾಡುತ್ತಾರೆ. ಬಣ್ಣ ಚೆನ್ನಾಗಿದೆ, ನೀರು ಹೊಳೆಯುತ್ತಿದೆ, ಕೈ ತುರಿಸುತ್ತದೆ. ನಿಮ್ಮ ಮನೆ ಬಚ್ಚಲಿಗೆ ಯಾರೋ ಲೆನ್ಸ್ ಹಿಡಿದರೆ ಹೇಗಿರುತ್ತೆ ಅಂತ ಒಂದು ಕ್ಷಣ ಯೋಚಿಸಿ. ಸ್ನಾನ ಮಾಡುವವರನ್ನು ತೆಗೆಯಲೇಬೇಡಿ, ದೂರದ ಲೆನ್ಸ್‌ನಲ್ಲಂತೂ ಬೇಡ. ಮಹಾಕೂಟದಲ್ಲಿ ಪುಷ್ಕರಣಿಯ ನಡುವಿನ ಚಿಕ್ಕ ಮಂಟಪ, ಸುತ್ತಲಿನ ಮರಗಳು, ಹಳೆಯ ಗುಡಿಗಳು ಇವೆ. ಬೇಕಾದಷ್ಟು ಸಿಗುತ್ತದೆ.

ಉಳಿದವರನ್ನು ಕೇಳಿ. 'ಒಂದು ಫೋಟೋ ತಗೋಬಹುದೇನ್ರೀ?' ಅಷ್ಟು ಸಾಕು. ಆ 'ರೀ' ಮರೆಯಬೇಡಿ, ಈ ಕಡೆ ಅದಕ್ಕೆ ಬೆಲೆ ಇದೆ. 'ಬ್ಯಾಡ್ರಿ' ಅಂದರೆ ಬೇಡ ಅಂತಲೇ ಅರ್ಥ. ಎರಡನೇ ಸಲ ಕೇಳಬೇಡಿ. ದುಡ್ಡು ಕೊಟ್ಟು ಒಪ್ಪಿಸುವುದೂ ಬೇಡ. ಆಮೇಲೆ ಬರುವವರಿಗೆಲ್ಲ ಅದು ತೊಂದರೆ. ಮಕ್ಕಳ ಫೋಟೋಕ್ಕೆ ಜೊತೆಗಿದ್ದ ದೊಡ್ಡವರನ್ನು ಕೇಳಿ. ಹೊಲದಲ್ಲಿ, ಓಣಿಯಲ್ಲಿ ಯಾರಾದರೂ ಕೂತು ಮಾತಾಡಲು ಕರೆದರೆ ಮೊದಲು ಮಾತಾಡಿ. ರೊಟ್ಟಿ ತಿನ್ನಿ ಅಂದರೆ ತಿನ್ನಿ. ಕ್ಯಾಮೆರಾ ಹೊರಗೆ ತೆಗೆಯುವ ಹೊತ್ತು ತಾನಾಗೇ ಬರುತ್ತದೆ.

ಹಬ್ಬ ಜಾತ್ರೆಗಳ ವಿಷಯ ಬೇರೆ. ಬಾದಾಮಿಯಿಂದ ಐದು ಕಿಲೋಮೀಟರ್ ಆಚೆ ಚೊಳಚಗುಡ್ಡದಲ್ಲಿ ಬನಶಂಕರಿ. ಪುಷ್ಯ ಮಾಸದ ಹುಣ್ಣಿಮೆಗೆ, ನಮ್ಮ ಕಡೆ ಬನದ ಹುಣ್ಣಿಮೆ ಅನ್ನುತ್ತಾರೆ, ತೇರು ಎಳೆಯುತ್ತಾರೆ. ಸಾಮಾನ್ಯವಾಗಿ ಜನವರಿಯಲ್ಲಿ ಬರುತ್ತದೆ. ತೇರಿಗೆ ಮುಂಚೆ ಪಲ್ಲೇದ ಹಬ್ಬ ಇರುತ್ತದೆ, 108 ಬಗೆಯ ತರಕಾರಿ ಪಲ್ಯಗಳನ್ನು ದೇವಿಗೆ ಅರ್ಪಿಸುವ ದಿನ. ಆಮೇಲೆ ವಾರಗಟ್ಟಲೆ ಜಾತ್ರೆ, ನಾಟಕ ಕಂಪನಿಗಳ ಟೆಂಟುಗಳು. ತೇರಿನ ದಿನ ಅದರ ಮುಂದೆ, ಹಗ್ಗದ ಒಳಗೆ ನಿಂತು ತೆಗೆಯುವ ಸಾಹಸ ಬೇಡ. ಚಕ್ರ ನಿಮ್ಮ ಫೋಕಸ್ ಆಗುವವರೆಗೆ ಕಾಯುವುದಿಲ್ಲ. ಪಕ್ಕದ ಎತ್ತರದ ಜಾಗವನ್ನು ಮಧ್ಯಾಹ್ನವೇ ಹಿಡಿಯಿರಿ. ರಾತ್ರಿ ನಾಟಕದ ಟೆಂಟಿನ ಹೊರಗಿನ ಬಣ್ಣದ ಬೋರ್ಡುಗಳು, ಚಹಾದಂಗಡಿಯ ಬೆಳಕು, ಇವು ತೇರಿಗಿಂತ ಚಂದ ಬರುತ್ತವೆ ಅನ್ನುವುದು ನನ್ನ ಲೆಕ್ಕ.

ಮೊಹರಂ ಈ ಕಡೆಯ ಹಳ್ಳಿಗಳಲ್ಲಿ ಅಲಾಯಿ ಹಬ್ಬ. ಹಿಂದೂಗಳೂ ಮುಸ್ಲಿಮರೂ ಸೇರಿಯೇ ಮಾಡುತ್ತಾರೆ. ದೇವರು, ಅಂದರೆ ಲೋಹದ ಪಂಜಾ ಹೊರುವವರು, ಹೆಜ್ಜೆ ಹಾಕುವವರು, ರಿವಾಯತ್ ಪದ ಹಾಡುವವರು ಎಲ್ಲರೂ ಊರವರೇ. ರಾತ್ರಿ ಬೆಂಕಿಯ ಕುಣಿಯ ಬೆಳಕಿನಲ್ಲಿ ಫ್ಲ್ಯಾಶ್ ಹಾಕಿದರೆ ಚಿತ್ರವೂ ಹೋಯಿತು, ಜನರ ಸಿಟ್ಟೂ ಬಂತು. ಐಎಸ್‌ಒ 3200ಕ್ಕೆ ಏರಿಸಿ, ಬೆಂಕಿ ನಿಮ್ಮ ಮತ್ತು ಕುಣಿಯುವವರ ನಡುವೆ ಇರುವಂತೆ ನಿಲ್ಲಿ. ಆಗ ಮುಖಗಳ ಮೇಲೆ ಬೆಳಕು ಇರುತ್ತದೆ. ಅಲಾಯಿ ದೇವರು ಕೂರಿಸಿದ ಮನೆಯೊಳಗೆ ಹೋಗುವ ಮೊದಲು ಹಿರಿಯರನ್ನು ಕೇಳಿ. ಈ ಹಬ್ಬ ಚಾಂದ್ರಮಾನದ್ದು, ಪ್ರತಿ ವರ್ಷ ಸುಮಾರು 11 ದಿನ ಹಿಂದೆ ಸರಿಯುತ್ತದೆ. ಹೋದ ವರ್ಷದ ತಾರೀಖು ನಂಬಿ ಬಸ್ ಹತ್ತಬೇಡಿ.

ಹಂತ 6: ಗುಡ್ಡ, ಮಂಗ, ಮಳೆ

ಮಂಗಗಳ ಬಗ್ಗೆ ತಮಾಷೆ ಮಾಡುತ್ತಿಲ್ಲ. ಗುಹೆಗಳ ಮೆಟ್ಟಿಲಲ್ಲಿ ಅವು ಗುಂಪಾಗಿ ಇರುತ್ತವೆ. ಪ್ಲಾಸ್ಟಿಕ್ ಚೀಲದ ಸದ್ದು ಕೇಳಿದರೆ ತಿಂಡಿ ಅಂತಲೇ ಅವುಗಳ ಲೆಕ್ಕ. ಚೀಲದ ಜಿಪ್ ಹಾಕಿರಿ, ಕ್ಯಾಮೆರಾ ಪಟ್ಟಿ ಕೊರಳಲ್ಲೇ ಇರಲಿ, ಲೆನ್ಸ್ ಬದಲಿಸುವುದಾದರೆ ಗುಹೆ ಹತ್ತುವ ಮೊದಲೇ ಬದಲಿಸಿ. ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ. ಫೋಟೋಕ್ಕಾಗಿ ಬಾಳೆಹಣ್ಣು ಕೊಡುವವರಿಂದಲೇ ಅವು ಹೀಗಾಗಿರುವುದು.

ಬಂಡೆಯ ಅಂಚಿಗೆ ಹೋಗಿ ಸೆಲ್ಫಿ ತೆಗೆಯಬೇಡಿ. ಮರಳುಗಲ್ಲಿನ ಅಂಚು ಗಟ್ಟಿ ಕಂಡರೂ ಪುಡಿಯಾಗುತ್ತದೆ. ಬೀಗ ಹಾಕಿದ ಕೋಟೆ ಮೆಟ್ಟಿಲುಗಳನ್ನು ಹಾರಿ ಹೋಗಬೇಡಿ, ಬೀಗಕ್ಕೆ ಕಾರಣ ಇರುತ್ತದೆ.

ಯಾವಾಗ ಬರಬೇಕು? ಅಕ್ಟೋಬರ್‌ನಿಂದ ಫೆಬ್ರವರಿ ಎಲ್ಲರೂ ಹೇಳುವ ಮಾತು. ನನ್ನ ಕೇಳಿದರೆ ಜೋರು ಮಳೆ ಬಿದ್ದು ನಿಂತ ಆಗಸ್ಟ್, ಸೆಪ್ಟೆಂಬರ್. ಕೆರೆ ತುಂಬಿರುತ್ತದೆ, ಬಂಡೆಯ ಮೇಲೆ ಹುಲ್ಲು ಹಸಿರಾಗಿರುತ್ತದೆ, ಅಕ್ಕ ತಂಗಿ ಜಲಪಾತ ಬಂಡೆಯಿಂದ ಇಳಿಯುತ್ತಿರುತ್ತದೆ. ಮೋಡ ಇರುವುದರಿಂದ ಇಡೀ ದಿನ ಬೆಳಕು ಮೆತ್ತಗೆ. ಆದರೆ ಮೆಟ್ಟಿಲು ಜಾರುತ್ತದೆ. ಏಪ್ರಿಲ್, ಮೇ ಬಿಸಿಲು ಬೇಡವೇ ಬೇಡ, ಕಲ್ಲು ಕಾದು ರಾತ್ರಿಯವರೆಗೂ ಬಿಸಿ ಉಗುಳುತ್ತದೆ.

ಬಾದಾಮಿ ರೈಲು ನಿಲ್ದಾಣ ಊರಿನಿಂದ ಸುಮಾರು ಐದು ಕಿಲೋಮೀಟರ್ ದೂರ. ಬೆಳಗಿನ ಜಾವದ ರೈಲಿಗೆ ಬಂದರೆ ಆಟೋ ಸಿಗುತ್ತದೆ, ದರ ಮೊದಲೇ ಮಾತಾಡಿ. ಪಟ್ಟದಕಲ್ಲು, ಐಹೊಳೆಗೆ ಬಸ್ಸು, ಟಂಟಂ ಇವೆ. ಆದರೆ ಬೆಳಕಿನ ಹೊತ್ತಿಗೆ ಸರಿಯಾಗಿ ಇರುವುದಿಲ್ಲ. ಮೂರು ನಾಲ್ಕು ಜನ ಸೇರಿ ಇಡೀ ದಿನಕ್ಕೆ ಗಾಡಿ ಮಾಡಿಕೊಳ್ಳುವುದು ಲಾಭ.

ಹಂತ 7: ಚಿತ್ರದ ಕೆಳಗೆ ಏನು ಬರೆಯುತ್ತೀರಿ

ಫೋಟೋ ಹಾಕಿ ಕೆಳಗೆ ತಪ್ಪು ಹೆಸರು ಬರೆದರೆ ಹತ್ತು ಜನ ಅದನ್ನೇ ನಂಬುತ್ತಾರೆ. ಹೆಚ್ಚು ಆಗುವ ತಪ್ಪುಗಳು ಇವು.

ತಲೆಯ ಮೇಲೆ ಹಾವಿನ ಹೆಡೆ ಕಂಡ ಕೂಡಲೇ ವಿಷ್ಣು ಅಂತ ಬರೆಯಬೇಡಿ. ಬಟ್ಟೆ, ಒಡವೆ ಇಲ್ಲದೆ ನೇರ ನಿಂತಿದ್ದರೆ ಅದು ಪಾರ್ಶ್ವನಾಥ. ಕೈಕಾಲಿಗೆ ಬಳ್ಳಿ ಸುತ್ತಿದ್ದರೆ ಬಾಹುಬಲಿ. ಧ್ಯಾನಕ್ಕೆ ಕೂತವರೆಲ್ಲ ಬುದ್ಧ ಅಲ್ಲ. ಭುಜದ ಮೇಲಿನಿಂದ ಇಳಿದ ಬಟ್ಟೆಯ ಗೆರೆ ಇದೆಯಾ ನೋಡಿ, ಇದ್ದರೆ ಬುದ್ಧ. ಒಂದು ಕಾಲನ್ನು ಮುಖದ ಮಟ್ಟಕ್ಕೆ ಎತ್ತಿದವನು ನಟರಾಜ ಅಲ್ಲ, ತ್ರಿವಿಕ್ರಮ, ಅಂದರೆ ಮೂರು ಲೋಕ ಅಳೆದ ವಿಷ್ಣು. ಎರಡನೇ ಗುಹೆಯಲ್ಲೂ ಮೂರನೆಯದರಲ್ಲೂ ಇದ್ದಾನೆ. ಐಹೊಳೆಯ ದುರ್ಗಾ ಗುಡಿಯ ಹೆಸರು ಪಕ್ಕದ ಕೋಟೆಯಿಂದ ಬಂದದ್ದು, ದೇವಿಯ ಗುಡಿ ಅಂತ ಬರೆಯಬೇಡಿ. ಲಾಡಖಾನ್ ಗುಡಿ ಮಸೀದಿಯಲ್ಲ. ಆ ಹೆಸರಿನವರೊಬ್ಬರು ಹಿಂದೆ ಅಲ್ಲಿ ವಾಸವಿದ್ದರು, ಗುಡಿಗೆ ಅವರ ಹೆಸರೇ ನಿಂತಿತು. ಪಟ್ಟದಕಲ್ಲಿನ ವಿರೂಪಾಕ್ಷವನ್ನು ಕಟ್ಟಿಸಿದ್ದು ರಾಣಿ ಲೋಕಮಹಾದೇವಿ, ಗಂಡ ಇಮ್ಮಡಿ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ. 'ವಿಕ್ರಮಾದಿತ್ಯ ಕಟ್ಟಿಸಿದ ಗುಡಿ' ಅಂತ ಬರೆದು ಆಕೆಯ ಹೆಸರು ಬಿಡುವವರೇ ಜಾಸ್ತಿ.

ಸಿಡಿಲಫಡಿಯಂಥ ಕಡೆ, ಬಂಡೆಯ ಮೇಲೆ ಇತಿಹಾಸಕ್ಕೂ ಹಿಂದಿನ ಬಣ್ಣದ ಚಿತ್ರಗಳಿರುವ ಜಾಗಗಳ ನಕ್ಷೆಯ ಗುರುತನ್ನು ಫೋಟೋ ಜೊತೆ ಹಾಕಬೇಡಿ. ಅಲ್ಲಿ ಕಾವಲು ಇಲ್ಲ, ಇದ್ದಿಲು ಹಿಡಿದು ಹೆಸರು ಬರೆಯುವವರು ಎಲ್ಲ ಊರಲ್ಲೂ ಇದ್ದಾರೆ. ಮೊಬೈಲ್ ಸೆಟ್ಟಿಂಗ್‌ನಲ್ಲಿ ಜಾಗದ ಮಾಹಿತಿ ಸೇರಿಸುವ ಆಯ್ಕೆಯನ್ನು ಅಲ್ಲಿಗೆ ಹೋಗುವ ಮೊದಲೇ ಆಫ್ ಮಾಡಿ.

ಜನರ ಫೋಟೋ ಕಳಿಸುತ್ತೇನೆ ಅಂತ ಹೇಳಿದ್ದರೆ ಅವರ ವಾಟ್ಸಾಪ್ ನಂಬರ್ ಅಲ್ಲೇ ಬರೆದುಕೊಂಡು ಅವತ್ತು ರಾತ್ರಿಯೇ ಕಳಿಸಿ. ಫೋನ್ ಇಲ್ಲದ ಅಜ್ಜ ಅಜ್ಜಿಯರಿಗೆ ಪ್ರಿಂಟ್ ಹಾಕಿಸಿ. ಬಾದಾಮಿ ಪೇಟೆಯಲ್ಲೇ ಸ್ಟುಡಿಯೋಗಳಿವೆ, ಮರುದಿನ ಗುಹೆಗೆ ಹೋಗುವ ದಾರಿಯಲ್ಲಿ ಕೈಗೆ ಕೊಟ್ಟು ಹೋಗಬಹುದು.